ಈ ಮೆಥಡನ್ನು ಕರೆಯುವವರು ಯಾರು? ಇಂಟೆಲಿಜೆ ಐಡಿಯಾದ ‘ಫೈಂಡ್ ಯೂಸೇಜಸ್’ ಬಗ್ಗೆ

ಹಳೆಯ ಜಾವಾ ಕೋಡಿನಲ್ಲಿ ಕೆಲಸ ಮಾಡುವವರಿಗೆ ಹೊಸದನ್ನು ಬರೆಯುವುದಕ್ಕಿಂತ ಹೆಚ್ಚು ಹೊತ್ತು ಬೇಕಾಗುವುದು, ಇದ್ದುದನ್ನು ಮುಟ್ಟಬಹುದೇ ಬೇಡವೇ ಎಂದು ತೀರ್ಮಾನಿಸುವುದಕ್ಕೆ. ನಾಲ್ಕು ಸಾಲಿನ ಒಂದು ಮೆಥಡ್ (ಹೆಸರು ಹಿಡಿದು ಕರೆದಾಗ ಓಡುವ ಕೋಡಿನ ತುಣುಕು) ಇದೆ, ಅದು ನಲ್, ಅಂದರೆ ‘ಏನೂ ಇಲ್ಲ’ ಎಂಬ ಬೆಲೆಯನ್ನು, ಹಿಂದಿರುಗಿಸುವ ಬದಲು ಎಕ್ಸೆಪ್ಶನ್ ಎಂಬ ದೋಷಸೂಚನೆಯನ್ನು ಎಸೆಯುವಂತೆ ಮಾಡಬೇಕು ಎಂದಿಟ್ಟುಕೊಳ್ಳಿ. ಬರೆಯುವುದು ಎರಡು ನಿಮಿಷದ ಕೆಲಸ. ಆದರೆ ಆ ನಲ್ ಬರುತ್ತದೆಂದು ನಂಬಿಕೊಂಡು ಎಲ್ಲೆಲ್ಲಿ ಯಾರ್ಯಾರು ಅದನ್ನು ಕರೆದಿದ್ದಾರೆ ಎಂಬುದು ಗೊತ್ತಿಲ್ಲದೆ ಕೈ ಹಾಕಿದರೆ ಸಂಜೆಯ ಹೊತ್ತಿಗೆ ಫೋನ್ ಬರುವುದು ಖಂಡಿತ. ಈ ಒಂದು ಪ್ರಶ್ನೆಗೆ ಜೆಟ್‌ಬ್ರೈನ್ಸ್ ಸಂಸ್ಥೆಯ ಇಂಟೆಲಿಜೆ ಐಡಿಯಾ ಎಷ್ಟರಮಟ್ಟಿಗೆ ಉತ್ತರ ಕೊಡುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. 2001ರಿಂದ ಬಳಕೆಯಲ್ಲಿರುವ ಈ ಎಡಿಟರಿನ ಉಳಿದ ನೂರೆಂಟು ಸೌಲಭ್ಯಗಳನ್ನು ನಾನು ಇಲ್ಲಿ ಮುಟ್ಟುವುದಿಲ್ಲ. ನಾನು ಎಂಟು ವರ್ಷಗಳಿಂದ ದಿನವೂ ಇದನ್ನು ಬಳಸುತ್ತಿದ್ದೇನೆ; ಅದಕ್ಕೂ ಮೊದಲು ಎಕ್ಲಿಪ್ಸ್ ಎಂಬ ಎಡಿಟರ್ ಇತ್ತು, ಜಾವಾಸ್ಕ್ರಿಪ್ಟ್ ಕೆಲಸಕ್ಕೆ ಈಗಲೂ ವಿಎಸ್ ಕೋಡ್ ಎಂಬ ಇನ್ನೊಂದನ್ನು ತೆರೆಯುತ್ತೇನೆ.

ಮೆಥಡಿನ ಹೆಸರಿನ ಮೇಲೆ ಕರ್ಸರ್ ಇಟ್ಟು ಆಲ್ಟ್ ಮತ್ತು ಎಫ್7 ಒತ್ತಿದರೆ ಪರದೆಯ ಕೆಳಭಾಗದಲ್ಲಿ ಒಂದು ಪಟ್ಟಿ ತೆರೆದುಕೊಳ್ಳುತ್ತದೆ; ಇದೇ ‘ಫೈಂಡ್ ಯೂಸೇಜಸ್’. ಅದರಲ್ಲಿ ಕರೆಗಳನ್ನು ಮಾಡ್ಯೂಲ್, ಪ್ಯಾಕೇಜ್, ಕ್ಲಾಸ್ ಎಂದು ಗುಂಪು ಮಾಡಿ ತೋರಿಸಬಹುದು. ಟೆಸ್ಟ್ ಕೋಡಿನ ಕರೆಗಳನ್ನು ನಿಜವಾದ ಕೋಡಿನ ಕರೆಗಳಿಂದ ಬೇರ್ಪಡಿಸಬಹುದು. ಟಿಪ್ಪಣಿಗಳಲ್ಲಿ ಬರುವ ಉಲ್ಲೇಖಗಳು ಪ್ರತ್ಯೇಕವಾಗಿ ಕೂರುತ್ತವೆ. ಕಂಟ್ರೋಲ್ ಸೇರಿಸಿ ಒತ್ತಿದರೆ ಇದೇ ಪಟ್ಟಿ ಕರ್ಸರಿನ ಬಳಿಯೇ ಸಣ್ಣ ಪೆಟ್ಟಿಗೆಯಾಗಿ ಬರುತ್ತದೆ, ಎರಡು ಮೂರು ಕರೆಗಳಿರುವ ಮೆಥಡ್‌ಗೆ ಅಷ್ಟೇ ಸಾಕು. ಲಿನಕ್ಸ್ ಬಳಸುವವರು ಇಲ್ಲಿ ಸ್ವಲ್ಪ ಎಚ್ಚರದಿಂದಿರಬೇಕು: ಕಂಟ್ರೋಲ್, ಆಲ್ಟ್, ಎಫ್7 ಎಂಬ ಇದೇ ಜೋಡಣೆ ಅಲ್ಲಿ ಇನ್ನೊಂದು ವರ್ಚುವಲ್ ಟರ್ಮಿನಲ್‌ಗೆ ಹಾರುವ ಕೀಲಿಯೂ ಹೌದಾದ್ದರಿಂದ, ಪಟ್ಟಿಯ ಬದಲು ಕಪ್ಪು ಪರದೆ ಎದುರಾದರೆ ಗಾಬರಿಯಾಗಬೇಕಿಲ್ಲ, ಶಾರ್ಟ್‌ಕಟ್ ಬದಲಿಸಿಕೊಂಡರಾಯಿತು.

ಈ ಪಟ್ಟಿಯ ಒಂದು ಗುಣ ಹೆಚ್ಚು ಜನರ ಕಣ್ಣಿಗೆ ಬಿದ್ದಿಲ್ಲ. ಪಟ್ಟಿಯಲ್ಲಿ ಒಂದು ಸಾಲನ್ನು ಆರಿಸಿ ಡಿಲೀಟ್ ಒತ್ತಿದರೆ ಕೋಡ್ ಅಳಿಯುವುದಿಲ್ಲ, ಆ ಸಾಲಿನ ಮೇಲೆ ಗೀಟು ಬೀಳುತ್ತದೆ. ನಲವತ್ತಮೂರು ಕಡೆ ಕರೆದಿರುವ ಮೆಥಡೊಂದನ್ನು ಕಳೆದ ತಿಂಗಳು ಬದಲಿಸಬೇಕಾಗಿ ಬಂದಾಗ ಪಟ್ಟಿಯ ಟ್ಯಾಬನ್ನು ಪಿನ್ ಮಾಡಿ, ಒಂದೊಂದು ಕರೆಯನ್ನೂ ತೆರೆದು ನೋಡಿ, ತೊಂದರೆಯಿಲ್ಲ ಎಂದು ಕಂಡದ್ದಕ್ಕೆ ಗೀಟೆಳೆಯುತ್ತಾ ಹೋದೆ. ಅಂಗಡಿಯ ಚೀಟಿ ಹಿಡಿದು ಸಾಮಾನು ಸರಿನೋಡಿದ ಹಾಗೆ ಕೆಲಸ ಸಾಗಿತು. ಮಧ್ಯೆ ಎರಡು ಮೀಟಿಂಗ್ ಬಂದರೂ ಎಲ್ಲಿಗೆ ನಿಲ್ಲಿಸಿದ್ದೆ ಎಂಬುದು ತಪ್ಪಲಿಲ್ಲ. ಕೊನೆಗೆ ಗೀಟಿಲ್ಲದೆ ಉಳಿದದ್ದು ಆರು ಸಾಲು, ಬದಲಿಸಬೇಕಾಗಿದ್ದದ್ದು ಆ ಆರನ್ನು ಮಾತ್ರ.

ಬರಿಯ ಅಕ್ಷರ ಹುಡುಕಾಟಕ್ಕೂ ಇದಕ್ಕೂ ವ್ಯತ್ಯಾಸವೇನು ಎಂದು ಹೊಸಬರು ಕೇಳುವುದುಂಟು. ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದಾದ ಉದಾಹರಣೆಯೊಂದನ್ನು ಕೊಡುತ್ತೇನೆ. ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಮುಂತಾದವನ್ನು ಕಟ್ಟಲು ಬಳಸುವ ಸ್ಪ್ರಿಂಗ್ ಎಂಬ ಫ್ರೇಮ್‌ವರ್ಕಿನ ತಂಡದ ಪೆಟ್‌ಕ್ಲಿನಿಕ್ ಎಂಬ ಮಾದರಿ ಪ್ರಾಜೆಕ್ಟಿನಲ್ಲಿ ಸಾಕುಪ್ರಾಣಿಯ ಯಜಮಾನನನ್ನು ಸೂಚಿಸುವ ಓನರ್ ಎಂಬ ಕ್ಲಾಸ್ ಇದೆ. ಅದರಲ್ಲಿ ಗೆಟ್‌ಪೆಟ್ ಎಂಬ ಒಂದೇ ಹೆಸರಿನ ಹಲವು ಮೆಥಡ್‌ಗಳಿವೆ: ಒಂದು ಪ್ರಾಣಿಯ ಹೆಸರನ್ನು ಪಡೆಯುತ್ತದೆ, ಒಂದು ಅದರ ಐಡಿ ಸಂಖ್ಯೆಯನ್ನು, ಇನ್ನೊಂದು ಹೆಸರಿನ ಜೊತೆಗೆ ಒಂದು ಬೂಲಿಯನ್ (ಹೌದು ಅಥವಾ ಅಲ್ಲ) ಬೆಲೆಯನ್ನು. ಅಕ್ಷರ ಹುಡುಕಾಟಕ್ಕೆ ಇವೆಲ್ಲ ಒಂದೇ. ಸಾಲದ್ದಕ್ಕೆ ಎಲ್ಲ ಪ್ರಾಣಿಗಳನ್ನೂ ಕೊಡುವ ಗೆಟ್‌ಪೆಟ್ಸ್ ಎಂಬುದೂ ಅದೇ ಬಲೆಗೆ ಬೀಳುತ್ತದೆ. ಐಡಿ ಪಡೆಯುವ ಗೆಟ್‌ಪೆಟ್ ಮೇಲೆ ಆಲ್ಟ್ ಎಫ್7 ಒತ್ತಿದರೆ ಅದನ್ನೇ ಕರೆಯುವ ಪೆಟ್‌ಕಂಟ್ರೋಲರ್, ವಿಸಿಟ್‌ಕಂಟ್ರೋಲರ್ ಮುಂತಾದ ಕಡೆಗಳಷ್ಟೇ ಬರುತ್ತವೆ. ಒಂದೇ ಹೆಸರಿನ ಎಲ್ಲವೂ ಬೇಕೆಂದರೆ ಅದಕ್ಕೂ ಆಯ್ಕೆಯ ಪೆಟ್ಟಿಗೆಯಲ್ಲಿ ಒಂದು ಗುರುತಿದೆ.

ಇದು ಸಾಧ್ಯವಾಗುವುದು ಎರಡು ಹಂತದ ಕೆಲಸದಿಂದ. ಪ್ರಾಜೆಕ್ಟನ್ನು ತೆರೆದಾಗಲೇ ಯಾವ ಪದ ಯಾವ ಯಾವ ಫೈಲಿನಲ್ಲಿದೆ ಎಂಬ ಇಂಡೆಕ್ಸನ್ನು ಐಡಿಯಾ ಕಟ್ಟಿಕೊಂಡಿರುತ್ತದೆ. ನೀವು ಕೇಳಿದಾಗ ಮೊದಲು ಆ ಹೆಸರಿರುವ ಫೈಲುಗಳನ್ನು ಇಂಡೆಕ್ಸಿನಿಂದ ಆರಿಸಿಕೊಂಡು, ಆಮೇಲೆ ಆ ಫೈಲುಗಳಲ್ಲಿ ಹೆಸರು ಬಂದ ಪ್ರತಿ ಜಾಗವನ್ನೂ ಟೈಪುಗಳ ಸಹಿತ ಬಿಡಿಸಿ, ಈ ಕರೆ ನಿಜಕ್ಕೂ ನೀವು ಕೇಳಿದ ಮೆಥಡ್‌ಗೇ ಹೋಗಿ ಮುಟ್ಟುತ್ತದೆಯೇ ಎಂದು ಪರೀಕ್ಷಿಸುತ್ತದೆ. ಆದ್ದರಿಂದಲೇ ವಿಶಿಷ್ಟವಾದ ಹೆಸರಿರುವ ಮೆಥಡ್‌ಗೆ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಗೆಟ್, ರನ್, ಎಕ್ಸಿಕ್ಯೂಟ್ ಎಂಬಂಥ ಹೆಸರಿದ್ದರೆ ಇಂಡೆಕ್ಸ್ ಸಾವಿರಾರು ಫೈಲುಗಳನ್ನು ಮುಂದೊಡ್ಡುವುದರಿಂದ ಪಟ್ಟಿ ನಿಧಾನವಾಗಿ ತುಂಬುತ್ತದೆ. ಹೆಸರಿಡುವಾಗ ಸೋಮಾರಿತನ ಮಾಡಬಾರದು ಎಂಬುದಕ್ಕೆ ಇದೂ ಒಂದು ಕಾರಣ ಎಂದು ನಮ್ಮ ತಂಡದಲ್ಲಿ ನಾನು ಹೇಳುತ್ತಲೇ ಇರುತ್ತೇನೆ, ಯಾರೂ ಕೇಳುವುದಿಲ್ಲ.

ಯಾವ ಯಾವ ಮೆಥಡ್‌ಗಳಿರಬೇಕು ಎಂದಷ್ಟೇ ಹೇಳಿ, ಅವುಗಳ ಕೋಡನ್ನು ಬೇರೆ ಕ್ಲಾಸುಗಳಿಗೆ ಬಿಡುವ ಇಂಟರ್ಫೇಸ್‌ಗಳ ವಿಷಯಕ್ಕೆ ಬಂದಾಗ ಬಳಕೆದಾರ ತಾನೇ ತಲೆ ಓಡಿಸಬೇಕಾಗುತ್ತದೆ. ಇಂಟರ್ಫೇಸಿನ ಮೆಥಡನ್ನು ಅಳವಡಿಸಿರುವ ಕ್ಲಾಸಿನೊಳಗೆ ನಿಂತು ಕರೆಗಳನ್ನು ಕೇಳಿದರೆ, ಮೂಲ ಮೆಥಡಿನ ಬಳಕೆ ಬೇಕೋ ಈ ಮೆಥಡಿನದ್ದು ಮಾತ್ರ ಬೇಕೋ ಎಂದು ಐಡಿಯಾ ತಿರುಗಿ ಪ್ರಶ್ನಿಸುತ್ತದೆ. ಅವಸರದಲ್ಲಿ ‘ಇದು ಮಾತ್ರ’ ಎಂದುಬಿಟ್ಟರೆ ಪಟ್ಟಿ ಬಹುತೇಕ ಖಾಲಿಯಾಗಿ ಬರುತ್ತದೆ, ಏಕೆಂದರೆ ಸ್ಪ್ರಿಂಗ್ ಬಳಸುವ ಕೋಡಿನಲ್ಲಿ ಹೆಚ್ಚಿನವರು ಕರೆಯುವುದು ಇಂಟರ್ಫೇಸಿನ ಮೂಲಕವೇ ಹೊರತು ಅಳವಡಿಸಿದ ಕ್ಲಾಸನ್ನು ನೇರವಾಗಿ ಅಲ್ಲ. ಮೂಲದ್ದು ಬೇಕೆಂದರೆ ಅದೇ ಇಂಟರ್ಫೇಸಿನ ಬೇರೆ ಅಳವಡಿಕೆಗಳಿಗೆ ಹೋಗಬಹುದಾದ ಕರೆಗಳೂ ಸೇರಿಕೊಂಡು ಪಟ್ಟಿ ಉದ್ದವಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕೆಂದರೆ ನಾನು ಯಾವಾಗಲೂ ಉದ್ದದ ಪಟ್ಟಿಯನ್ನೇ ಆರಿಸುತ್ತೇನೆ. ಸಂಬಂಧವಿಲ್ಲದ ಹತ್ತು ಕರೆಗಳನ್ನು ಓದಿ ಗೀಟೆಳೆಯುವುದು, ಸಂಬಂಧವಿದ್ದ ಒಂದನ್ನು ಬಿಟ್ಟುಬಿಡುವುದಕ್ಕಿಂತ ಅಗ್ಗ.

ಕರೆದವರನ್ನು ಕರೆದವರು ಯಾರು, ಅವರನ್ನು ಕರೆದವರು ಯಾರು ಎಂದು ಮೂಲದವರೆಗೆ ಹತ್ತಬೇಕಾದಾಗ ಕಂಟ್ರೋಲ್, ಆಲ್ಟ್, ಎಚ್ ಒತ್ತಿ ‘ಕಾಲ್ ಹೈರಾರ್ಕಿ’ ತೆರೆಯಬೇಕು. ಅದು ಮರದಂತೆ ಕವಲೊಡೆಯುತ್ತದೆ; ಒಂದೊಂದು ಕೊಂಬೆಯನ್ನೂ ಬಿಡಿಸಿದಾಗ ಮಾತ್ರ ಅದರ ಮುಂದಿನ ಹಂತವನ್ನು ಲೆಕ್ಕ ಹಾಕುತ್ತದೆ. ಅದೇ ಕಿಟಕಿಯಲ್ಲಿ ದಿಕ್ಕನ್ನು ತಿರುಗಿಸಿ, ಈ ಮೆಥಡ್ ಯಾರನ್ನು ಕರೆಯುತ್ತದೆ ಎಂದೂ ನೋಡಬಹುದು. ಒಂದು ದೋಷ ಯಾವ ಯಾವ ಪರದೆಗಳಲ್ಲಿ ಕಾಣಿಸಿಕೊಳ್ಳಬಹುದು ಎಂದು ಟೆಸ್ಟಿಂಗ್ ತಂಡದವರಿಗೆ ಹೇಳಬೇಕಾದಾಗ ನಾನು ಈ ಮರವನ್ನು ಕಂಟ್ರೋಲರಿನವರೆಗೆ, ಅಂದರೆ ಬ್ರೌಸರಿನ ಕೋರಿಕೆಗಳನ್ನು ಮೊದಲು ಪಡೆಯುವ ಕ್ಲಾಸಿನವರೆಗೆ, ಬಿಡಿಸಿ, ಅಲ್ಲಿ ಸಿಗುವ ಯುಆರ್‌ಎಲ್‌ಗಳನ್ನು ಬರೆದುಕೊಡುತ್ತೇನೆ. ಇದಕ್ಕಿಂತ ನಿಖರವಾದ ಉತ್ತರವನ್ನು ನೆನಪಿನಿಂದ ಕೊಡುವುದು ಯಾವ ಹಿರಿಯ ಇಂಜಿನಿಯರಿಗೂ ಸಾಧ್ಯವಿಲ್ಲ, ಕೊಡಲು ಪ್ರಯತ್ನಿಸುವವರು ಮಾತ್ರ ಬೇಕಾದಷ್ಟು ಜನ ಇದ್ದಾರೆ.

ಇಷ್ಟೆಲ್ಲ ಇದ್ದೂ ಪಟ್ಟಿಯನ್ನು ಓದುವಾಗ ಒಂದು ವಿಷಯ ನೆನಪಿನಲ್ಲಿರಬೇಕು: ಕೋಡಿನಲ್ಲಿ ಹೆಸರು ಹಿಡಿದು ಕರೆದವರನ್ನಷ್ಟೇ ಎಡಿಟರ್ ಖಚಿತವಾಗಿ ಬಲ್ಲದು. ಹೆಸರು ಹಿಡಿಯದೆ ಕರೆಯುವವರು ಜಾವಾ ಪ್ರಪಂಚದಲ್ಲಿ ಕಡಿಮೆಯೇನಲ್ಲ. ಮತ್ತೆ ಪೆಟ್‌ಕ್ಲಿನಿಕ್ಕಿಗೇ ಬರೋಣ. ಓನರ್‌ಕಂಟ್ರೋಲರಿನಲ್ಲಿ ಹೊಸ ಯಜಮಾನನ ಫಾರ್ಮ್ ತೋರಿಸುವ ಇನಿಟ್‌ಕ್ರಿಯೇಶನ್‌ಫಾರ್ಮ್ ಎಂಬ ಮೆಥಡ್ ಇದೆ. ಅದನ್ನು ಜಾವಾ ಕೋಡಿನಲ್ಲಿ ಯಾರೂ ಕರೆಯುವುದಿಲ್ಲ. ಅದರ ತಲೆಯ ಮೇಲಿರುವ ಗೆಟ್‌ಮ್ಯಾಪಿಂಗ್ ಎಂಬ ಅನೋಟೇಶನ್ (ಕೋಡಿಗೆ ಅಂಟಿಸಿದ ಗುರುತುಚೀಟಿ) ನೋಡಿಕೊಂಡು, ಬ್ರೌಸರಿನಿಂದ ಕೋರಿಕೆ ಬಂದಾಗ ಸ್ಪ್ರಿಂಗ್ ಕರೆಯುತ್ತದೆ. ಅನೋಟೇಶನ್ ಕಣ್ಣೆದುರೇ ಇರುವುದರಿಂದ ಇಲ್ಲಿ ಮೋಸಹೋಗುವವರು ಕಡಿಮೆ.

ಹೆಚ್ಚು ನುಣುಚಿಕೊಳ್ಳುವುದು ಅದೇ ಓನರ್ ಕ್ಲಾಸಿನ ಗೆಟ್‌ಟೆಲಿಫೋನ್. ವೆಬ್ ಪುಟಗಳ ಅಚ್ಚಿನಲ್ಲಿ ಮಾಹಿತಿ ತುಂಬಿಕೊಡುವ ಥೈಮ್‌ಲೀಫ್ ಎಂಬ ಸಾಧನಕ್ಕೆ ಬರೆದ, ಯಜಮಾನನ ವಿವರ ತೋರಿಸುವ ಟೆಂಪ್ಲೇಟಿನಲ್ಲಿ ದೂರವಾಣಿ ಸಂಖ್ಯೆಯನ್ನು ಬರೆಯಲು ನಕ್ಷತ್ರ ಚಿಹ್ನೆ, ಪುಷ್ಪಾವರಣ, ಅದರೊಳಗೆ ‘ಟೆಲಿಫೋನ್’ ಎಂಬ ಪದ, ಇಷ್ಟೇ ಇದೆ. ಓಡುವಾಗ ಥೈಮ್‌ಲೀಫ್ ಆ ಪದದ ಮುಂದೆ ‘ಗೆಟ್’ ಕೂಡಿಸಿಕೊಂಡು ಮೆಥಡನ್ನು ಕರೆಯುತ್ತದೆ. ಅದೇ ಕ್ಲಾಸಿನ ಟೂಸ್ಟ್ರಿಂಗ್ ಮೆಥಡ್ ಈ ಗೆಟ್ಟರನ್ನು ಬಿಟ್ಟು ಫೀಲ್ಡನ್ನೇ ನೇರವಾಗಿ ಓದುತ್ತದೆ. ಕಂಟ್ರೋಲರಿನ ಟೆಸ್ಟಿನಲ್ಲಿ ಹ್ಯಾಮ್‌ಕ್ರೆಸ್ಟ್ ಲೈಬ್ರರಿಯ ಹ್ಯಾಸ್‌ಪ್ರಾಪರ್ಟಿಗೆ ‘ಟೆಲಿಫೋನ್’ ಎಂಬುದನ್ನು ಸ್ಟ್ರಿಂಗ್ ಆಗಿ ಕೊಟ್ಟಿದ್ದಾರೆ, ಅದೂ ರಿಫ್ಲೆಕ್ಷನ್ ಮೂಲಕವೇ, ಅಂದರೆ ಓಡುವ ಹೊತ್ತಿನಲ್ಲಿ ಹೆಸರಿನಿಂದ ಮೆಥಡನ್ನು ಹುಡುಕಿ ಕರೆಯುವ ದಾರಿಯಲ್ಲೇ, ಹೋಗುತ್ತದೆ. ಹೀಗಿರುವಾಗ ಗೆಟ್‌ಟೆಲಿಫೋನ್ ಎಂಬ ಪೂರ್ತಿ ಹೆಸರನ್ನು ಹಿಡಿದು ಅಕ್ಷರ ಹುಡುಕಾಟ ಮಾಡಿದರೂ ಈ ಮೂರು ಕಡೆಗಳಲ್ಲಿ ಯಾವುದೂ ಸಿಗುವುದಿಲ್ಲ, ಏಕೆಂದರೆ ಆ ಪೂರ್ತಿ ಹೆಸರನ್ನು ಅಲ್ಲಿ ಯಾರೂ ಬರೆದಿಲ್ಲ. ಹುಡುಕಬೇಕಾದದ್ದು ‘ಗೆಟ್’ ಕಳೆದು ಉಳಿದ ಪದವನ್ನು. ಐಡಿಯಾದ ಚಂದಾದಾರರಿಗೆ ಸಿಗುವ ಸ್ಪ್ರಿಂಗ್ ಮತ್ತು ಥೈಮ್‌ಲೀಫ್ ಬೆಂಬಲವಿದ್ದರೆ ಟೆಂಪ್ಲೇಟಿನೊಳಗಿನ ಆ ಪದಕ್ಕೂ ಮೆಥಡ್‌ಗೂ ಇರುವ ನಂಟು ಎಡಿಟರಿಗೆ ತಿಳಿಯುತ್ತದೆ. ಉಚಿತ ಬಳಕೆಯಲ್ಲಿ ಆ ಕೆಲಸವನ್ನು ನಾವೇ ಮಾಡಬೇಕು. ವೆಬ್ ಕೆಲಸ ಮಾಡುವವರು ಹಣ ಕೊಡಬೇಕೇ ಎಂದು ಯೋಚಿಸುವಾಗ ತೂಗಿ ನೋಡಬೇಕಾದ ಮುಖ್ಯ ಅಂಶ ನನ್ನ ಮಟ್ಟಿಗೆ ಇದೇ.

ನನ್ನದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಬಿಲ್ಲಿಂಗ್ ಸಾಫ್ಟ್‌ವೇರ್ ಒಂದರಲ್ಲಿ ತಡವಾದ ಪಾವತಿಗೆ ದಂಡ ಸೇರಿಸುವ ಮೆಥಡೊಂದರ ಹೆಸರು ಎಡಿಟರಿನಲ್ಲಿ ಬೂದುಬಣ್ಣಕ್ಕೆ ತಿರುಗಿತ್ತು; ಬಳಕೆಯಿಲ್ಲದ್ದನ್ನು ಐಡಿಯಾ ತೋರಿಸುವುದು ಹಾಗೆಯೇ. ತಂಡದ ಕಿರಿಯ ಹುಡುಗ, “ಸರ್, ಜೀರೋ ಯೂಸೇಜಸ್ ಅಂತಿದೆ, ತೆಗೆದುಬಿಡ್ಲಾ?” ಎಂದು ಕೇಳಿದ. ನಾನೂ ಒಮ್ಮೆ ಆಲ್ಟ್ ಎಫ್7 ಒತ್ತಿ ನೋಡಿ “ತೆಗಿ” ಎಂದೆ. ಕೋಡ್ ಕಂಪೈಲ್ ಆಯಿತು, ಟೆಸ್ಟುಗಳೆಲ್ಲ ಹಸಿರಾದವು. ತಿಂಗಳ ಕೊನೆಯ ರಾತ್ರಿ ಬ್ಯಾಚ್ ಕೆಲಸ ‘ನೋ ಸಚ್ ಮೆಥಡ್’ ಎಂಬ ಎಕ್ಸೆಪ್ಶನ್ ಎಸೆದು ನಿಂತಿತು. ಆ ಮೆಥಡಿನ ಹೆಸರು ಇದ್ದದ್ದು ಯಾವ ಫೈಲಿನಲ್ಲೂ ಅಲ್ಲ, ಡೇಟಾಬೇಸಿನ ಒಂದು ಟೇಬಲ್‌ನಲ್ಲಿ. ಯಾವ ಹೊತ್ತಿಗೆ ಯಾವ ಕ್ಲಾಸಿನ ಯಾವ ಮೆಥಡ್ ಓಡಬೇಕು ಎಂದು ಆ ಟೇಬಲ್ ಓದಿ, ರಿಫ್ಲೆಕ್ಷನ್ ಮೂಲಕ ಕರೆಯುವ ವ್ಯವಸ್ಥೆ ನಮ್ಮದಾಗಿತ್ತು. ನೋಡಲು ಕೊಟ್ಟ ಪ್ರಾಜೆಕ್ಟಿನೊಳಗೆ ಕರೆಯಿಲ್ಲ ಎಂದು ಎಡಿಟರ್ ಹೇಳಿದ್ದು ಸತ್ಯವೇ. ಕರೆಯೇ ಇಲ್ಲ ಎಂದು ಓದಿಕೊಂಡವನು ನಾನು.

ಆ ಕರೆ ಕೋಡಿನಿಂದ ಯಾವಾಗ ಮಾಯವಾಯಿತು ಎಂದು ಮರುದಿನ ಹುಡುಕಿಕೊಟ್ಟದ್ದು ಕೋಡಿನ ಬದಲಾವಣೆಗಳನ್ನೆಲ್ಲ ಕಮಿಟ್‌ಗಳೆಂದು ದಾಖಲಿಸಿಡುವ ಗಿಟ್. ‘ಗಿಟ್ ಲಾಗ್’ ಆಜ್ಞೆಗೆ ದೊಡ್ಡಕ್ಷರದ ಎಸ್ ಆಯ್ಕೆಯನ್ನು ಸೇರಿಸಿ ಮೆಥಡಿನ ಹೆಸರು ಕೊಟ್ಟರೆ, ಆ ಹೆಸರು ಬರುವ ಸಂಖ್ಯೆ ಹೆಚ್ಚು ಕಡಿಮೆಯಾದ ಕಮಿಟ್‌ಗಳನ್ನಷ್ಟೇ ಅದು ಪಟ್ಟಿ ಮಾಡುತ್ತದೆ. ಒಂದು ವರ್ಷದ ಹಿಂದಿನ ಕಮಿಟ್ ಒಂದರಲ್ಲಿ ಯಾರೋ ಕರೆಯನ್ನು ಕೋಡಿನಿಂದ ತೆಗೆದು ಟೇಬಲ್‌ಗೆ ಸಾಗಿಸಿದ್ದರು, ಕಮಿಟ್ ಸಂದೇಶದಲ್ಲಿ ಅದನ್ನು ಸ್ಪಷ್ಟವಾಗಿಯೇ ಬರೆದಿದ್ದರು. ಅಂದಿನಿಂದ, ಬಳಕೆ ಸೊನ್ನೆ ಎಂದು ಬಂದಾಗಲೆಲ್ಲ ಆ ಸೊನ್ನೆ ಯಾವತ್ತು ಸೊನ್ನೆಯಾಯಿತು ಎಂದು ಮೊದಲು ನೋಡಿಕೊಳ್ಳುತ್ತೇನೆ.

ಓಡುತ್ತಿರುವ ಪ್ರೋಗ್ರಾಮನ್ನೇ ಕೇಳುವ ದಾರಿಯೊಂದು ಐಡಿಯಾದಲ್ಲೇ ಇದೆ, ಮತ್ತು ಅದು ಸಲ್ಲಬೇಕಾದಷ್ಟು ಬಳಕೆಗೆ ಬಂದಿಲ್ಲ. ಮೆಥಡಿನ ಮೊದಲ ಸಾಲಿನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು, ಅದರ ಮೇಲೆ ಬಲ ಕ್ಲಿಕ್ ಮಾಡಿ, ‘ಸಸ್ಪೆಂಡ್’ ಎಂಬ ಗುರುತನ್ನು ತೆಗೆದು, ‘ಸ್ಟ್ಯಾಕ್ ಟ್ರೇಸ್’ ಲಾಗ್ ಮಾಡು ಎಂಬುದನ್ನು ಆರಿಸಿದರೆ, ಪ್ರೋಗ್ರಾಮ್ ಎಲ್ಲೂ ನಿಲ್ಲದೆ ಓಡುತ್ತಾ, ಆ ಸಾಲಿಗೆ ಬಂದಾಗಲೆಲ್ಲ ಯಾವ ದಾರಿಯಿಂದ ಬಂದೆ ಎಂದು ಕನ್ಸೋಲಿನಲ್ಲಿ ಬರೆದಿಡುತ್ತದೆ. ಪ್ರಾಕ್ಸಿ, ರಿಫ್ಲೆಕ್ಷನ್, ಷೆಡ್ಯೂಲರ್ ಯಾವುದರ ಹಿಂದೆ ಅಡಗಿದ್ದರೂ ಕರೆದವನು ಇಲ್ಲಿ ಸಿಕ್ಕಿಬೀಳುತ್ತಾನೆ. ಸಾಲಿನ ಬದಲು ಮೆಥಡ್ ಘೋಷಣೆಯ ಮೇಲೆಯೇ ಇಡುವ ಮೆಥಡ್ ಬ್ರೇಕ್‌ಪಾಯಿಂಟ್ ಪ್ರೋಗ್ರಾಮನ್ನು ಬಹಳ ನಿಧಾನ ಮಾಡಬಲ್ಲದು, ಆದ್ದರಿಂದ ಮೊದಲ ಸಾಲೇ ಲೇಸು. ಮಿತಿಯೂ ಸ್ಪಷ್ಟವಾಗಿದೆ: ಓಡಿಸಿದ ಹೊತ್ತಿನಲ್ಲಿ ನಡೆದ ಕರೆಗಳನ್ನು ಮಾತ್ರ ಇದು ಕಾಣುತ್ತದೆ, ತಿಂಗಳಿಗೊಮ್ಮೆ ಬರುವ ಕರೆಗೆ ತಿಂಗಳ ಕೊನೆಯವರೆಗೆ ಕಾಯಬೇಕು.

ಪ್ರತಿಸ್ಪರ್ಧಿಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ವಿಎಸ್ ಕೋಡಿನಲ್ಲಿ ಶಿಫ್ಟ್ ಎಫ್12 ಒತ್ತಿದರೆ ಉಲ್ಲೇಖಗಳು ಬರೆಯುತ್ತಿರುವ ಫೈಲಿನೊಳಗೇ ಇಣುಕುಕಿಟಕಿಯಾಗಿ ತೆರೆಯುತ್ತವೆ, ಜೊತೆಗೆ ಆಲ್ಟ್ ಒತ್ತಿದರೆ ಪಕ್ಕದ ಪಟ್ಟಿಗೆ ಹೋಗುತ್ತವೆ. ಒಂದೆರಡು ಕರೆ ನೋಡಿ ಹಿಂದಿರುಗಲು ಇಣುಕುಕಿಟಕಿ ಐಡಿಯಾದ ಪಟ್ಟಿಗಿಂತ ಹಿತವಾಗಿದೆ. ಆದರೆ ಉತ್ತರ ಕೊಡುವುದು ವಿಎಸ್ ಕೋಡ್ ತಾನೇ ಅಲ್ಲ, ಅದರ ಹಿಂದೆ ಕುಳಿತ ಭಾಷಾ ಸರ್ವರ್. ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕೋಡೆನ್ವಿ ಸಂಸ್ಥೆಗಳು ಸೇರಿ 2016ರಲ್ಲಿ ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಎಂಬ ಒಪ್ಪಂದದ ಪ್ರಕಾರ ಎಡಿಟರ್ ಕೇಳುತ್ತದೆ, ಸರ್ವರ್ ಹೇಳುತ್ತದೆ. ಕರೆಗಳ ಮರ ತೋರಿಸುವ ಅನುಕೂಲ ಆ ಪ್ರೋಟೋಕಾಲಿನ 3.16ನೆಯ ಆವೃತ್ತಿಯಲ್ಲಿ ಸೇರಿತು. ಜಾವಾಕ್ಕೆ ರೆಡ್ ಹ್ಯಾಟ್‌ನ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಒಳಗೆ ಓಡುವುದು ಎಕ್ಲಿಪ್ಸಿನ ಜಾವಾ ಸರ್ವರೇ. ಅಂದರೆ ಎಕ್ಲಿಪ್ಸ್ ಹಳತಾಯಿತೆಂದು ಬಿಟ್ಟು ವಿಎಸ್ ಕೋಡಿಗೆ ಹೋದ ನನ್ನ ಸ್ನೇಹಿತರು ಇಂದಿಗೂ ಎಕ್ಲಿಪ್ಸಿನ ಉತ್ತರವನ್ನೇ ಓದುತ್ತಿದ್ದಾರೆ, ಮತ್ತು ಅದು ನಂಬಬಹುದಾದ ಉತ್ತರವೇ ಆಗಿದೆ. ಪಟ್ಟಿಯನ್ನು ಗುಂಪು ಮಾಡುವುದರಲ್ಲಿ, ಟೆಸ್ಟ್ ಕರೆಗಳನ್ನು ಬೇರ್ಪಡಿಸುವುದರಲ್ಲಿ, ದೊಡ್ಡ ಪಟ್ಟಿಯ ಮೇಲೆ ಕುಳಿತು ಕೆಲಸ ಮಾಡುವುದರಲ್ಲಿ ಐಡಿಯಾ ಒಂದು ಹೆಜ್ಜೆ ಮುಂದಿದೆ ಎಂಬುದಷ್ಟೇ ನನ್ನ ಅಭಿಪ್ರಾಯ.

ಪೈಥಾನ್, ಜಾವಾಸ್ಕ್ರಿಪ್ಟ್‌ಗಳಿಗೆ ಈ ಹೊಗಳಿಕೆ ಹಾಗೆಯೇ ಅನ್ವಯಿಸುವುದಿಲ್ಲ. ಟೈಪ್ ಬರೆಯದ ಪ್ಯಾರಾಮೀಟರಿನ ಮೇಲೆ ‘ಸೇವ್’ ಎಂದು ಕರೆದರೆ ಅದು ಯಾರ ಸೇವ್ ಎಂದು ತಿಳಿಯಲು ಯಾವ ಎಡಿಟರಿಗೂ ಆಧಾರವಿಲ್ಲ, ಊಹಿಸಬೇಕು ಅಥವಾ ಬಿಡಬೇಕು. ಟೈಪ್ ಸೂಚನೆಗಳನ್ನು ಬರೆದಷ್ಟೂ ಪಟ್ಟಿ ಶುದ್ಧವಾಗುತ್ತದೆ. ಅಲ್ಲಿ ನಾನು ಈಗಲೂ ರಿಪ್‌ಗ್ರೆಪ್ ಎಂಬ ಅಕ್ಷರ ಹುಡುಕಾಟದ ಸಾಧನವನ್ನು ನೆಚ್ಚಿಕೊಂಡಿದ್ದೇನೆ. ವಿಎಸ್ ಕೋಡಿನ ಹುಡುಕಾಟದ ಹಿಂದೆ ಇರುವುದೂ ಅದೇ. ಆದರೆ ಗಿಟ್‌ಇಗ್ನೋರ್ ಫೈಲಿನಲ್ಲಿ ಹೆಸರಿಸಿದ ಫೋಲ್ಡರುಗಳನ್ನು ಅದು ತಾನಾಗಿಯೇ ಬಿಟ್ಟುಬಿಡುವುದರಿಂದ, ತಯಾರಾದ ಕೋಡಿನೊಳಗೂ ಹುಡುಕಬೇಕಾದಾಗ ಆ ಕಟ್ಟನ್ನು ಬಿಡಿಸಿ ಹೇಳಬೇಕು. ಸಾಮಾನ್ಯ ಹೆಸರೊಂದಕ್ಕೆ ರಿಪ್‌ಗ್ರೆಪ್ ಓಡಿಸಿ ಎರಡು ಸಾವಿರ ಸಾಲು ಓದುವುದು ಬೆಟ್ಟ ಅಗೆದು ಇಲಿ ಹಿಡಿದಂತೆ, ನಿಜ. ಆದರೂ ಅಳಿಸುವ ಮೊದಲು ಆ ಇಲಿ ಬೇಕಾಗುತ್ತದೆ.

ಬೆಲೆಯ ಮಾತು. 2025.3 ಆವೃತ್ತಿಯಿಂದ ಕಮ್ಯೂನಿಟಿ, ಅಲ್ಟಿಮೇಟ್ ಎಂಬ ಎರಡು ಬೇರೆ ಬೇರೆ ಇನ್‌ಸ್ಟಾಲರುಗಳು ಹೋಗಿ ಒಂದೇ ಆಗಿದೆ. ಹಣ ಕೊಡದಿದ್ದರೂ ಫೈಂಡ್ ಯೂಸೇಜಸ್, ಕಾಲ್ ಹೈರಾರ್ಕಿ, ಬ್ರೇಕ್‌ಪಾಯಿಂಟ್ ಎಲ್ಲವೂ ಪೂರ್ತಿಯಾಗಿ ಸಿಗುತ್ತವೆ. ನಿಜವಾದ ಬೆಲೆ ತೆರಬೇಕಾಗುವುದು ಯಂತ್ರ. ದೊಡ್ಡ ಪ್ರಾಜೆಕ್ಟನ್ನು ಮೊದಲ ಸಲ ತೆರೆದಾಗ, ಅಥವಾ ಬಹಳ ಹಿಂದಿದ್ದ ಬ್ರಾಂಚಿಗೆ ಬದಲಾಯಿಸಿದಾಗ, ಇಂಡೆಕ್ಸ್ ಕಟ್ಟಿ ಮುಗಿಯುವವರೆಗೆ ಹುಡುಕಾಟದ ಸೌಲಭ್ಯಗಳು ಪೂರ್ತಿ ಸಿಗುವುದಿಲ್ಲ. ಪರದೆಯ ತಳದಂಚಿನಲ್ಲಿ ಇಂಡೆಕ್ಸಿನ ಪ್ರಗತಿ ತೋರಿಸುತ್ತಾ ಓಡುವ ಗೆರೆ ನಿಲ್ಲುವ ಮೊದಲು ಯಾವ ತೀರ್ಮಾನಕ್ಕೂ ಬರಬೇಡಿ. ನಮ್ಮ ಪ್ರಾಜೆಕ್ಟಿಗೆ 16 ಜಿಬಿ ಮೆಮೊರಿ ಇರುವ ಲ್ಯಾಪ್‌ಟಾಪಿನಲ್ಲಿ ಅದು ಒಂದು ಲೋಟ ಕಾಫಿಯ ಹೊತ್ತು ತೆಗೆದುಕೊಳ್ಳುತ್ತದೆ. 8 ಜಿಬಿ ಲ್ಯಾಪ್‌ಟಾಪ್ ಸಿಕ್ಕಿರುವ ನಮ್ಮ ಕಿರಿಯ ಹುಡುಗ ಕಾಯಲಾರದೆ ವಿಎಸ್ ಕೋಡಿಗೆ ಹೋಗಿದ್ದಾನೆ. ಯಾವುದನ್ನಾದರೂ ಅಳಿಸಬೇಕೆಂದಾಗ ಮಾತ್ರ ನನ್ನ ಮೇಜಿನ ಬಳಿ ಬಂದು, “ಸರ್, ನಿಮ್ಮದರಲ್ಲಿ ಒಂದ್ಸಲ ನೋಡಿ, ಆ ಟೇಬಲ್ಲೂ ನೋಡಿಬಿಡಿ,” ಎನ್ನುತ್ತಾನೆ.